ಮನೆ ಎಲ್ಲಿ ಕಟ್ಟುವುದು: ನಗರದ ನಿವೇಶನವೋ, ಎನ್.ಎ. ಜಾಗವೋ, ತೋಟವೋ, ಹಳೆಯ ಮನೆಯೋ?

ದೀಪಾವಳಿ ಕಳೆದು ಅಡಿಕೆ ತೋಟಗಳಲ್ಲಿ ಕೊನೆಗೌಡರು ಮರ ಹತ್ತುವ ಹೊತ್ತಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನೆ ಕಟ್ಟುವ ಮಾತೂ ಆರಂಭವಾಗುತ್ತದೆ. ಮೂವತ್ತು ವರ್ಷಗಳಿಂದ ಶಿರಸಿಯಲ್ಲಿ ಮನೆಗಳ ನಕ್ಷೆ ಬರೆಯುತ್ತಿರುವ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ನಾಲ್ಕು ದಾರಿಗಳ ನಡುವೆ ನಿಂತಿರುತ್ತಾರೆ. ಶಿರಸಿ ಅಥವಾ ಕಾರವಾರದ ನಗರಸಭೆಯ ವ್ಯಾಪ್ತಿಯಲ್ಲಿ ನಿವೇಶನ ಕೊಳ್ಳಬೇಕೇ, ಪಂಚಾಯತ್ ವ್ಯಾಪ್ತಿಯಲ್ಲಿ ಎನ್.ಎ. ಆದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾದ ಜಾಗ ಹಿಡಿಯಬೇಕೇ, ಅಪ್ಪನ ತೋಟದ ಅಂಚಿನಲ್ಲೇ ಕಟ್ಟಿಕೊಳ್ಳಬೇಕೇ, ಅಥವಾ ಅಜ್ಜ ಕಟ್ಟಿದ ಮನೆಯನ್ನೇ ಬಿಚ್ಚಿ ಹೊಸದಾಗಿಸಬೇಕೇ ಎಂಬುದು ಅವರ ಪ್ರಶ್ನೆ. ಅವರು ಜಾಗದ ಅಳತೆ, ರಸ್ತೆ, ಬಾವಿಯ ನೀರು ಇವುಗಳನ್ನು ವಿವರಿಸುತ್ತಾರೆ. ನಾನು ಮಾತ್ರ ಕಾಗದ ಯಾವ ವರ್ಷದ್ದು ಎಂದು ಮೊದಲು ಕೇಳುತ್ತೇನೆ. ಒಂದು ಜಾಗದ ಕಾಗದ ಯಾವ ಕಾಲದ ಕಾನೂನಿನಡಿ ಹುಟ್ಟಿದೆ, ಆ ಕಾಗದವನ್ನು ಇಂದಿನ ಕಚೇರಿ ಒಪ್ಪುತ್ತದೆಯೇ ಎಂಬ ಎರಡು ಸಂಗತಿಗಳು ತಿಳಿದರೆ ನಾಲ್ಕು ದಾರಿಗಳಲ್ಲಿ ಎರಡಾದರೂ ತಾವಾಗಿ ಮುಚ್ಚಿಕೊಳ್ಳುತ್ತವೆ.

ಯಾವುದನ್ನು ತೂಗಿ ನೋಡಬೇಕು

ಆಯ್ಕೆಗೆ ಮುನ್ನ ಅಳತೆಗೋಲು ಬೇಕು. ಮೊದಲನೆಯದು ಜಮೀನಿನ ಸ್ವರೂಪ: ಅದು ಕೃಷಿ ಜಮೀನೋ, ಗಾಂವಠಾಣವೋ (ಊರೊಳಗಿನ ವಸತಿ ನೆಲ), ಭೂಪರಿವರ್ತನೆಯಾದದ್ದೋ, ಅರಣ್ಯದ ಛಾಯೆಯಿರುವುದೋ. ಎರಡನೆಯದು ಸಮುದ್ರ, ನದಿ, ಹೆದ್ದಾರಿಗಳಿಂದ ಇರುವ ದೂರ. ಮೂರನೆಯದು ಬ್ಯಾಂಕಿನ ಸಾಲ ಬೇಕೇ ಬೇಡವೇ ಎಂಬುದು. ಇದು ಹಣದ ಪ್ರಶ್ನೆಯಂತೆ ಕಂಡರೂ ಕಾಗದದ ಪ್ರಶ್ನೆಯೇ ಆಗಿದೆ, ಏಕೆಂದರೆ ಕೈಯಲ್ಲಿ ಹಣವಿರುವವನು ನಡೆಸಿಕೊಂಡು ಹೋಗಬಹುದಾದ ಕೊರತೆಯನ್ನು ಬ್ಯಾಂಕಿನ ವಕೀಲರು ನಡೆಸಿಕೊಡುವುದಿಲ್ಲ. ನಾಲ್ಕನೆಯದು ಮನೆಯನ್ನು ಮುಂದೆ ಏನು ಮಾಡುತ್ತೀರಿ ಎಂಬುದು. ವಾಸಕ್ಕಷ್ಟೇ ಎಂದರೆ ಒಂದು ಲೆಕ್ಕ, ಮುಂದೆ ಹೋಮ್‌ಸ್ಟೇ ಮಾಡುವ, ಬಾಡಿಗೆಗೆ ಕೊಡುವ, ಮಾರುವ ಯೋಚನೆಯಿದ್ದರೆ ಇನ್ನೊಂದು ಲೆಕ್ಕ. ಇವೆಲ್ಲದರ ಜೊತೆಗೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುವ ಮಳೆಯನ್ನು ನಿಯಮದ ಪುಸ್ತಕ ಮರೆತರೂ ಕಟ್ಟುವವರು ಮರೆಯುವಂತಿಲ್ಲ.

ಕಾಗದಗಳು ಯಾವ ಕಾಲದಲ್ಲಿ ಹುಟ್ಟಿದವು

ನಮ್ಮ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಹಳೆಯ ಜನರ ಬಾಯಲ್ಲಿ ಇಂದಿಗೂ ಉಳಿದಿರುವ ‘ಬಿನಶೇತ್ಕಿ’ (ಕೃಷಿಯೇತರ) ಎಂಬ ಮಾತು, ನಾವೆಲ್ಲ ಆಡುವ ‘ಎನ್.ಎ.’ ಎಂಬ ಮಾತು, ಎರಡೂ 1879ರ ಮುಂಬೈ ಭೂಕಂದಾಯ ಸಂಹಿತೆಯ ಕಾಲದಿಂದ ಬಂದವು. ಆ ಕಾಲದಲ್ಲಿ ಹಳ್ಳಿಯ ಮನುಷ್ಯನಿಗೆ ಮನೆಯ ನಕ್ಷೆಗೆ ಪರವಾನಗಿ ಎಂಬ ಕಲ್ಪನೆಯೇ ಹೆಚ್ಚುಕಡಿಮೆ ಇರಲಿಲ್ಲ. ಅವನಿಗೆ ಬೇಕಾಗುತ್ತಿದ್ದದ್ದು ತೊಲೆ, ಜಂತಿ, ಕಂಬಗಳಿಗೆ ನಾಟಾ. ಅದಕ್ಕಾಗಿ ಅವನು ಅಲೆಯುತ್ತಿದ್ದದ್ದು ಅರಣ್ಯ ಇಲಾಖೆಯ ಬಾಗಿಲಿಗೆ. ಗೋಡೆ ಕೆಂಪುಕಲ್ಲಿನದೋ ಮಣ್ಣಿನದೋ, ಮಾಡು ಸೋಗೆಯದೋ ಹಂಚಿನದೋ ಎಂದು ಯಾರೂ ಕೇಳುತ್ತಿರಲಿಲ್ಲ.

ಅನಂತರ ಬಂದ ಮೂರು ಕಾನೂನುಗಳು ಇಂದಿಗೂ ನಮ್ಮನ್ನು ಆಳುತ್ತಿವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯು ಯಾವ ಪ್ರದೇಶದಲ್ಲಿ ವಾಸದ ಮನೆ, ಎಲ್ಲಿ ವ್ಯಾಪಾರ ಎಂದು ಗೆರೆ ಎಳೆಯುವ ಅಧಿಕಾರವನ್ನು ಕೊಟ್ಟಿತು. 1964ರ ಪುರಸಭೆಗಳ ಕಾಯ್ದೆಯು ಪಟ್ಟಣದ ಕಟ್ಟಡ ಪರವಾನಗಿಯನ್ನೂ, ಅದೇ ವರ್ಷದ ಭೂಕಂದಾಯ ಕಾಯ್ದೆಯ 95ನೆಯ ಕಲಂ ಭೂಪರಿವರ್ತನೆಯನ್ನೂ ನಿಯಮಕ್ಕೊಳಪಡಿಸಿದವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು, ಕೃಷಿ ಕಾರ್ಮಿಕರಿಗೆ ತಾವು ವಾಸವಿದ್ದ ಮನೆಯ ನೆಲವೂ ಸಿಕ್ಕಿತು. ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಮೂಲ ಕಾಗದ ಎಂದರೆ ಆ ಕಾಲದ ಹತ್ತನೇ ನಮೂನೆಯ ಪ್ರಮಾಣಪತ್ರವೇ. ಅದು ಮನೆಯಲ್ಲಿದ್ದರೆ ಜೋಪಾನವಾಗಿಡಿ. ಅಂಥ ಜಮೀನನ್ನು ಹದಿನೈದು ವರ್ಷ ಪರಭಾರೆ ಮಾಡುವಂತಿರಲಿಲ್ಲವಾದ್ದರಿಂದ, ಕೊಳ್ಳುವವರು ಹಿಂದಿನ ಮಾರಾಟದ ತಾರೀಖನ್ನು ಈ ಅವಧಿಯೊಂದಿಗೆ ತಾಳೆ ನೋಡಲೇಬೇಕು.

1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಕಾಡಿನಂಚಿನ ಮನೆಗಳ ಭವಿಷ್ಯ ರಾಜ್ಯದ ಕೈ ದಾಟಿ ಕೇಂದ್ರದ ಅನುಮತಿಗೆ ಹೋಯಿತು. 1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಜೆಡ್) ಅಧಿಸೂಚನೆ ಸಮುದ್ರದ ಬದಿಯನ್ನು ಕಟ್ಟಿಹಾಕಿತು. 1993ರ ಪಂಚಾಯತ್ ರಾಜ್ ಕಾಯ್ದೆ ಹಳ್ಳಿಯಲ್ಲೂ ಕಟ್ಟಡಕ್ಕೆ ಪರವಾನಗಿ ಕಡ್ಡಾಯ ಎಂದಿತು. ಆದರೂ ಬಹುಕಾಲ ಅದು ಅರ್ಧ ಹಾಳೆಯ ಕೈಬರಹದ ಕೆಲಸವಾಗಿಯೇ ನಡೆಯಿತು. ನಿಜವಾಗಿ ಹಳ್ಳಿಯ ಕಾಗದದ ಸ್ವರೂಪವನ್ನೇ ಬದಲಿಸಿದ್ದು 2013ರ ಸುಮಾರಿಗೆ ಬಂದ ಇ-ಸ್ವತ್ತು ಎಂಬ ಪಂಚಾಯತ್ ಆಸ್ತಿಗಳ ಗಣಕ ದಾಖಲೆ. ಆ ದಿನದಿಂದ ಪಂಚಾಯತ್‌ನ ದಪ್ಪ ರಜಿಸ್ಟರಿನಲ್ಲಿ ಹೆಸರಿದ್ದರೆ ಸಾಲದು, ಗಣಕದಲ್ಲಿ ಯಾವ ನಮೂನೆಯಲ್ಲಿ ಇದ್ದೀರಿ ಎಂಬುದೇ ಮುಖ್ಯವಾಯಿತು.

ನಗರದ ನಿವೇಶನ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅನುಮೋದಿತ ಬಡಾವಣೆಯಲ್ಲಿ ಇ-ಖಾತೆ ಇರುವ ನಿವೇಶನವಾದರೆ ಸಾಲ, ಪರವಾನಗಿ, ವಿದ್ಯುತ್ ಮೂರೂ ಸುಲಭ. ಗೃಹಸಾಲದಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗೆ ಸ್ವತ್ತಿನ ಮೌಲ್ಯದ ಶೇ 90ರಷ್ಟು, ಅದರಾಚೆ 75 ಲಕ್ಷದವರೆಗೆ ಶೇ 80ರಷ್ಟು ಮಿತಿ ಇರುತ್ತದೆ. ಈ ಮಿತಿಯ ಪೂರ್ತಿ ಲಾಭ ಸಿಗುವುದು ಇಂಥ ನಿವೇಶನಗಳಿಗೇ. ಇದಕ್ಕೆ ತೆರುವ ಬೆಲೆ ಎಂದರೆ ಜಾಗದ ದರ ಮತ್ತು ಇಕ್ಕಟ್ಟು. ಮೂವತ್ತು ನಲವತ್ತರ ನಿವೇಶನದಲ್ಲಿ ಸುತ್ತ ಸೆಟ್‌ಬ್ಯಾಕ್ ಬಿಟ್ಟ ಮೇಲೆ, ಮಲೆನಾಡಿನ ಮಳೆಗೆ ಬೇಕಾದಷ್ಟು ಅಗಲದ ಸೂರನ್ನು ಇಳಿಬಿಡಲು ಜಾಗವೇ ಉಳಿಯುವುದಿಲ್ಲ. ಮಾಡಿನ ನೀರು ಪಕ್ಕದವರ ಜಾಗಕ್ಕೆ ಬೀಳಬಾರದು ಎಂಬ ನಿಯಮವೂ ಇದೆ. ಶಿರಸಿಯ ಹೊಸ ಬಡಾವಣೆಗಳಲ್ಲಿ ಟೆರೇಸಿನ ಮನೆ ಕಟ್ಟಿ, ಮೂರನೇ ಮಳೆಗಾಲಕ್ಕೆ ಅದರ ಮೇಲೆ ತಗಡಿನ ಮಾಡು ಎತ್ತುವವರನ್ನು ನೀವೂ ಕಂಡಿರುತ್ತೀರಿ. ಆ ತಗಡಿನ ಮಾಡು ಮೂಲ ನಕ್ಷೆಯಲ್ಲಿರುವುದಿಲ್ಲ. ಅದನ್ನು ಮೊದಲೇ ನಕ್ಷೆಯಲ್ಲಿ ತೋರಿಸಿ ಅನುಮತಿ ಪಡೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಪರವಾನಗಿಯಿಲ್ಲದ ಅಥವಾ ನಕ್ಷೆ ಮೀರಿದ ಕಟ್ಟಡಗಳನ್ನು ಸಕ್ರಮ ಮಾಡುವ ರಾಜ್ಯದ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ನೀಡಿದೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಕಟ್ಟಡ ನಕ್ಷೆಯಂತೆ ಮುಗಿದ ಪ್ರಮಾಣಪತ್ರವಿಲ್ಲದೆ ವಿದ್ಯುತ್ ಮತ್ತು ನೀರಿನ ಸಂಪರ್ಕ ಕೊಡಬಾರದೆಂದು ಹೇಳಿತು. ಆದ್ದರಿಂದ ‘ಕಟ್ಟಿಬಿಡೋಣ, ಆಮೇಲೆ ದಂಡ ಕಟ್ಟಿದರಾಯಿತು’ ಎಂಬ ಹಳೆಯ ಧೈರ್ಯ ಈಗ ಉಪಯೋಗಕ್ಕೆ ಬರುವುದಿಲ್ಲ.

ಪಂಚಾಯತ್ ವ್ಯಾಪ್ತಿಯ ಎನ್.ಎ. ಜಾಗ

ಜನ ಅತಿ ಹೆಚ್ಚು ಎಡವುವುದು ಇಲ್ಲಿಯೇ. ‘ಎನ್.ಎ. ಆಗಿದೆ’ ಎಂದು ಮಾರುವವರು ಹೇಳಿದರೆ ಕೆಲಸ ಮುಗಿಯಿತು ಎಂದು ಕೊಳ್ಳುವವರು ತಿಳಿಯುತ್ತಾರೆ. ಭೂಪರಿವರ್ತನೆಯ ಆದೇಶ ಎಂದರೆ ಕೃಷಿಯೇತರ ಬಳಕೆಗೆ ಒಪ್ಪಿಗೆ ಅಷ್ಟೇ. ಅದರ ಮೇಲೆ ಯೋಜನಾ ಪ್ರಾಧಿಕಾರದಿಂದಲೋ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿಂದಲೋ ವಿನ್ಯಾಸಕ್ಕೆ ಅನುಮೋದನೆ ಬೇಕು. ಒಂದೇ ಮನೆಯ ಜಾಗವಾದರೆ ಏಕನಿವೇಶನ ಅನುಮೋದನೆ ಬೇಕು. ಅದಾದ ಮೇಲೆ ಪಂಚಾಯತ್‌ನಲ್ಲಿ ನಮೂನೆ 9 ಎಂಬ ಇ-ಸ್ವತ್ತಿನ ಆಸ್ತಿ ಪತ್ರ, ಅನಂತರ ಕಟ್ಟಡ ಪರವಾನಗಿ. ಗಾಂವಠಾಣದೊಳಗಿನ ಜಾಗ, ಪರಿವರ್ತನೆಯಾಗಿ ವಿನ್ಯಾಸ ಒಪ್ಪಿಗೆಯಾದ ಜಾಗ, ಸರ್ಕಾರದ ವಸತಿ ಯೋಜನೆಯ ಮನೆ ಇವುಗಳಿಗೆ ನಮೂನೆ 9 ಸಿಗುತ್ತದೆ. ಉಳಿದವು ನಮೂನೆ 11ಬಿ ಎಂಬ ಪಟ್ಟಿಗೆ ಹೋಗುತ್ತವೆ. ಅವುಗಳಿಂದ ತೆರಿಗೆ ವಸೂಲಿಯಾಗುತ್ತದೆ, ಆದರೆ ಅವುಗಳ ಮೇಲೆ ಬ್ಯಾಂಕುಗಳಿಗೆ ವಿಶ್ವಾಸ ಕಡಿಮೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ದಂಪತಿ ಶಿರಸಿ-ಕುಮಟಾ ರಸ್ತೆಯ ಒಂದು ಜಾಗದ ಕಾಗದಗಳನ್ನು ತಂದು ತೋರಿಸಿದರು. ಎನ್.ಎ. ಆದೇಶ 1990ರ ದಶಕದ್ದು, ಸಹಿ ಮೊಹರು ಎಲ್ಲ ಸರಿಯಾಗಿತ್ತು. ಆದರೆ ಆದೇಶವಿದ್ದದ್ದು ಇಡೀ ಸರ್ವೆ ನಂಬರಿಗೆ. ಅನಂತರ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡು ಬಾಯಿಮಾತಿನಲ್ಲೇ ಗಡಿಗೆ ಕಲ್ಲು ನೆಟ್ಟಿದ್ದರು. ಹಿಸ್ಸೆಯ ಪೋಡಿ (ಸರ್ವೆ ನಂಬರನ್ನು ಅಳೆದು ಬೇರ್ಪಡಿಸುವುದು) ಆಗಿರಲಿಲ್ಲ, ಮಾರಾಟಕ್ಕೆ ಮುಂಚಿನ ಅಳತೆಯ 11ಇ ನಕ್ಷೆ ಇರಲಿಲ್ಲ, ವಿನ್ಯಾಸದ ಅನುಮೋದನೆಯಂತೂ ಆ ಕಾಲದಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಮಾರುವವರು ಸುಳ್ಳು ಹೇಳಿರಲಿಲ್ಲ. ಅವರ ಕಾಗದ ಅವರ ಕಾಲಕ್ಕೆ ಪೂರ್ತಿಯಾಗಿಯೇ ಇತ್ತು. ಆ ದಂಪತಿಗೆ ನಾನು ಕೊಟ್ಟ ಸಲಹೆಯನ್ನೇ ಇಲ್ಲಿಯೂ ಕೊಡುತ್ತೇನೆ: ಪೋಡಿ, ವಿನ್ಯಾಸದ ಅನುಮೋದನೆ, ನಮೂನೆ 9 ಇಷ್ಟನ್ನು ಮಾರುವವರೇ ಮಾಡಿಸಿಕೊಡಲಿ, ಅದಕ್ಕಾಗಿ ದರದಲ್ಲಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅಷ್ಟು ಆಗಿಬಿಟ್ಟರೆ ಈ ದಾರಿ ಬಹಳ ಒಳ್ಳೆಯದು: ನಗರಕ್ಕಿಂತ ದರ ಕಡಿಮೆ, ಅಂಗಳಕ್ಕೂ ಅಗಲವಾದ ಸೂರಿಗೂ ಜಾಗ ಉಂಟು, ಸಾಲವೂ ಸಿಗುತ್ತದೆ, ಮುಂದೆ ಮಾರುವುದೂ ಕಷ್ಟವಲ್ಲ.

ರಸ್ತೆ ಬದಿಯೆಂದು ಹಿಗ್ಗುವವರು ಒಂದು ಮಾತು ನೆನಪಿಡಬೇಕು. ರಾಷ್ಟ್ರೀಯ ಹೆದ್ದಾರಿಯ ಮಧ್ಯಭಾಗದಿಂದ 40 ಮೀಟರ್ ಕಟ್ಟಡ ರೇಖೆ ಎಂಬ ಷರತ್ತು ಪರಿವರ್ತನೆಯ ಆದೇಶಗಳಲ್ಲೇ ಇರುತ್ತದೆ. ಕಾರವಾರದಿಂದ ಭಟ್ಕಳದವರೆಗೆ 66ನೇ ಹೆದ್ದಾರಿಯ ಅಗಲೀಕರಣದಲ್ಲಿ ಜಗಲಿ ಕಳೆದುಕೊಂಡ ಮನೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡ ಕಡಿದು ಸಮ ಮಾಡಿದ ಜಾಗವಾದರೆ ಇನ್ನೂ ಎಚ್ಚರ ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದ ಮೇಲೂ, ಹಿಂಬದಿಯಲ್ಲಿ ನೆಟ್ಟಗೆ ಕಡಿದ ಧರೆಯಿರುವ ನಿವೇಶನಗಳು ಮಾರಾಟವಾಗುತ್ತಿರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪರವಾನಗಿ ಸಿಕ್ಕ ಮಾತ್ರಕ್ಕೆ ಧರೆ ನಿಲ್ಲುವುದಿಲ್ಲ.

ತೋಟದ ಮನೆ

ಅಡಿಕೆ ತೋಟ ಅಥವಾ ಗದ್ದೆ ಇರುವವರಿಗೆ ಕಡಿಮೆ ಖರ್ಚಿನ ದಾರಿ ಇದು. ಕೃಷಿ ಜಮೀನಿನಲ್ಲಿ ಕೃಷಿಕರು ತಮ್ಮ ವಾಸಕ್ಕೂ ಕೃಷಿ ಸಲಕರಣೆಗಳಿಗೂ ತೋಟದ ಮನೆ ಕಟ್ಟಿಕೊಳ್ಳಲು ಭೂಪರಿವರ್ತನೆ ಬೇಕಿಲ್ಲ. ಅದು ಹಿಡುವಳಿಯ ಶೇ 10ನ್ನು ಮೀರಬಾರದು, ಅದಕ್ಕೊಂದು ಗರಿಷ್ಠ ಮಿತಿಯೂ ಉಂಟು. ಪರಿವರ್ತನೆಯ ಶುಲ್ಕ ಉಳಿಯುತ್ತದೆ, ಓಡಾಟ ಉಳಿಯುತ್ತದೆ. ತೋಟದ ಕೆಲಸ ನೋಡಿಕೊಂಡು ಅಲ್ಲಿಯೇ ಬದುಕುವವರಿಗೆ, ಸಾಲದ ಹಂಗಿಲ್ಲದೆ ಹಂತಹಂತವಾಗಿ ಕಟ್ಟುವವರಿಗೆ ಇದಕ್ಕಿಂತ ಉತ್ತಮವಾದದ್ದನ್ನು ನಾನು ಹೇಳಲಾರೆ.

ಆದರೆ ಅದು ತೋಟದ ಮನೆಯಾಗಿಯೇ ಇರಬೇಕು. ಅಲ್ಲಿ ಹೋಮ್‌ಸ್ಟೇ ನಡೆಸುವುದು, ಅಂಗಡಿ ಇಡುವುದು, ಮನೆಯನ್ನಷ್ಟೇ ಬೇರೆಯಾಗಿ ಮಾರುವುದು ಈ ಅನುಕೂಲದೊಳಗೆ ಬರುವುದಿಲ್ಲ. ಅಂಥ ಯೋಚನೆಯಿದ್ದರೆ ಬೇಕಾದ ಗುಂಟೆಗಳಿಗೆ ಮೊದಲೇ ಪರಿವರ್ತನೆ ಮಾಡಿಸಿಕೊಳ್ಳುವುದು ಲೇಸು. ಗೃಹಸಾಲಕ್ಕೆ ಹೋದರೂ ಹೆಚ್ಚಿನ ಬ್ಯಾಂಕುಗಳು ಪರಿವರ್ತನೆಯ ಆದೇಶವನ್ನೇ ಕೇಳುತ್ತವೆ. 2020ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾದ್ದರಿಂದ, ಎಕರೆ ತೋಟ ಕೊಂಡು ನಡುವೆ ಮನೆ ಕಟ್ಟುವ ಆಸೆಯಿಂದ ಹೊರಗಿನವರು ಸಿದ್ದಾಪುರ, ಯಲ್ಲಾಪುರದ ಕಡೆ ಬರುತ್ತಿದ್ದಾರೆ. ಅವರಿಗೂ ನಿಯಮ ಇದೇ.

ಇನ್ನು ಬೆಟ್ಟದ ವಿಷಯ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಅದು ಸೊಪ್ಪು, ದರಕು, ಕಟ್ಟಿಗೆಗಾಗಿ ಇರುವ ಹಕ್ಕೇ ಹೊರತು ಮನೆಯ ನೆಲವಲ್ಲ. ತೋಟ ತಗ್ಗಿನಲ್ಲಿ, ಅದರ ಮೇಲ್ಭಾಗದಲ್ಲಿ ಬೆಟ್ಟ ಇರುವುದರಿಂದ ಹಳೆಯ ಮನೆಗಳ ಕೊಟ್ಟಿಗೆಯೋ ಗೊಬ್ಬರದ ಗುಂಡಿಯೋ ತಿಳಿಯದಂತೆಯೇ ಬೆಟ್ಟದೊಳಗೆ ಸರಿದಿರುತ್ತವೆ. ಸರ್ವೆಯವರು ಬಂದು ಅಳತೆ ಹಿಡಿದಾಗ, ಮಾಲ್ಕಿ ಜಮೀನಿನ ಗಡಿ ಬಚ್ಚಲುಮನೆಯ ಮಧ್ಯದಲ್ಲಿ ಹಾದುಹೋದದ್ದನ್ನು ನಾನೇ ಎರಡು ಊರುಗಳಲ್ಲಿ ನೋಡಿದ್ದೇನೆ. ತೋಟದ ಮನೆಗೆ ಪಾಯ ತೋಡುವ ಮುನ್ನ ಹದ್ದುಬಸ್ತು, ಅಂದರೆ ಗಡಿಯ ಅಳತೆ ಮಾಡಿಸಿ. ಅರಣ್ಯ ಅತಿಕ್ರಮಣದ ಜಾಗದಲ್ಲಿ ಇರುವವರ ವಿಷಯ ಬೇರೆಯೇ. ಅವರ ಹಕ್ಕಿನ ಪ್ರಶ್ನೆ 1978ರ ಏಪ್ರಿಲ್ 27ಕ್ಕೆ ಮುಂಚಿನ ಅತಿಕ್ರಮಣ, ಇಲ್ಲವೇ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಇವುಗಳ ಮೇಲೆ ನಿಂತಿದೆ. ಆ ತೀರ್ಮಾನ ಕೈಗೆ ಬರುವವರೆಗೆ ಇರುವ ಮನೆಯನ್ನು ಉಳಿಸಿಕೊಳ್ಳಿ, ಹೊಸದಕ್ಕೆ ಹಣ ಸುರಿಯಬೇಡಿ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2014ರಿಂದ 2024ರವರೆಗೆ ಆರು ಬಾರಿ ಹೊರಬಿದ್ದಿದೆ. ಪ್ರತಿ ಸಲವೂ ‘ಇನ್ನು ಮನೆ ಕಟ್ಟುವಂತಿಲ್ಲ’ ಎಂಬ ಗಾಬರಿ ಹರಡುತ್ತದೆ. ಕರಡು ನಿರ್ಬಂಧಿಸುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳನ್ನು. ಇರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆಗೆ ಅದರಲ್ಲಿ ತಡೆಯಿಲ್ಲ. ಆ ಭಯದಿಂದ ಅವಸರದ ನಿರ್ಧಾರ ಮಾಡಬೇಡಿ.

ಅಜ್ಜನ ಮನೆ

ನನ್ನ ಮೂಲ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿಯ ಗಜನಿ (ಉಪ್ಪುನೀರಿನ ಗದ್ದೆ) ಬಯಲಿನ ಅಂಚಿನಲ್ಲಿದೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಆದರೂ ಅದು ಸಿಆರ್‌ಜೆಡ್‌ಗೆ ಸೇರಿದ್ದು ಎಂದು ತಿಳಿದದ್ದು ಅದನ್ನು ಬಿಚ್ಚಿ ಕಟ್ಟಲು ಹೊರಟಾಗಲೇ. ಕರಾವಳಿ ವಲಯ ಸಮುದ್ರದ ಬದಿಗಷ್ಟೇ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ ಐದು ಭಾಗ ಇರುವಷ್ಟು ದೂರ ನದಿಯ ಎರಡೂ ದಡಗಳಲ್ಲಿ ಅದು ಒಳನಾಡಿಗೆ ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕರ ದಡದ ಊರುಗಳಿಗೂ ಇದು ಅನ್ವಯಿಸುತ್ತದೆ. ನದಿ ದಡದಲ್ಲಿ ಈ ವಲಯ 2011ರ ಅಧಿಸೂಚನೆಯಂತೆ 100 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅಷ್ಟು ಇತ್ತು. 2019ರ ಜನವರಿ 18ರ ಅಧಿಸೂಚನೆ ಅದನ್ನು 50 ಮೀಟರಿಗೆ ಇಳಿಸಿತು.

ಸಮುದ್ರದ ಬದಿಯಲ್ಲಿ ಗ್ರಾಮೀಣ ಪ್ರದೇಶಗಳಿಗೆ 2019ರಲ್ಲಿ ಎರಡು ವರ್ಗಗಳಾದವು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವಲ್ಲಿ ಉಬ್ಬರದ ಗರಿಷ್ಠ ರೇಖೆಯಿಂದ 50 ಮೀಟರ್, ಉಳಿದೆಡೆ ಮೊದಲಿನಂತೆ 200 ಮೀಟರ್ ಕಟ್ಟಡ ನಿಷೇಧ. ನಮ್ಮ ಜಿಲ್ಲೆಯ ಸರಾಸರಿ ಸಾಂದ್ರತೆ ಆ ಗಣತಿಯಲ್ಲಿ 140 ಇತ್ತು ಎಂಬುದನ್ನು ನೆನೆದರೆ, ಪತ್ರಿಕೆಯಲ್ಲಿ ‘50 ಮೀಟರ್’ ಎಂದು ಓದಿ ಸಂತೋಷಪಟ್ಟವರು ತಮ್ಮ ಊರಿನ ವರ್ಗವನ್ನು ಕರಾವಳಿ ವಲಯದ ನಕ್ಷೆಯಲ್ಲಿ ನೋಡಿಕೊಳ್ಳುವುದು ಎಷ್ಟು ಅಗತ್ಯ ಎಂಬುದು ತಿಳಿಯುತ್ತದೆ. ನಿಷೇಧದ ಗೆರೆಯಾಚೆ ಮೀನುಗಾರರ ಊರುಗಳಂಥ ಹಳೆಯ ವಸತಿಗಳಲ್ಲಿ, ಸ್ಥಳೀಯರ ಸಾಂಪ್ರದಾಯಿಕ ಹಕ್ಕಿನೊಳಗೆ, 9 ಮೀಟರ್ ಎತ್ತರ ಮೀರದ ನೆಲಮಹಡಿ ಮತ್ತು ಒಂದು ಮಹಡಿಯ ಮನೆ ಕಟ್ಟಬಹುದು. 300 ಚದರ ಮೀಟರಿನವರೆಗಿನ ಸ್ವಂತ ವಾಸದ ಮನೆಗೆ ರಾಜ್ಯ ಪ್ರಾಧಿಕಾರದ ಶಿಫಾರಸು ಬೇಕಿಲ್ಲ, ಸ್ಥಳೀಯ ಸಂಸ್ಥೆಯೇ ನಿಯಮಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡಬಹುದು ಎಂಬುದು 2019ರ ದೊಡ್ಡ ಉಪಕಾರ.

ನಿಷೇಧದ ಗೆರೆಯೊಳಗೆ ಬಿದ್ದ ಹಳೆಯ ಅಧಿಕೃತ ಮನೆಯನ್ನು ದುರಸ್ತಿ ಮಾಡಬಹುದು, ಬಿಚ್ಚಿ ಕಟ್ಟಲೂಬಹುದು. ಆದರೆ ನಮ್ಮ ಕಡೆ ಪಂಚಾಂಗ ಎನ್ನುವ ಅಡಿಪಾಯದ ವಿಸ್ತೀರ್ಣ ಹೆಚ್ಚಬಾರದು. ಇಲ್ಲಿ ‘ಅಧಿಕೃತ’ ಎಂಬ ಒಂದು ಮಾತಿನ ಮೇಲೆ ಎಲ್ಲವೂ ನಿಂತಿದೆ. ನಮ್ಮ ಮನೆಯ ಕಾಗದ 1988ರದು. ಅರ್ಧ ಹಾಳೆ, ನೀಲಿ ಶಾಯಿಯ ಎಂಟು ಸಾಲು, ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಸೂಜಿಯ ಕಲೆ, ಕೆಳಗೆ ನೇರಳೆ ಬಣ್ಣದ ದುಂಡು ಮೊಹರಿನಲ್ಲಿ ‘ಮಂಡಲ ಪಂಚಾಯತ್’ ಎಂಬ ಅಕ್ಷರ. ಇದನ್ನು ನೋಡಿದ ಕಚೇರಿಯ ಯುವಕರೊಬ್ಬರು, ಇಂಥ ಪಂಚಾಯತ್ ನಮ್ಮ ಪಟ್ಟಿಯಲ್ಲೇ ಇಲ್ಲ ಎಂದು ಅರ್ಜಿಯನ್ನು ಮರಳಿಸಿದರು. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯತ್‌ಗಳು ಚುನಾಯಿತವಾಗಿ ಬಂದವು, 1993ರ ಕಾಯ್ದೆಯೊಂದಿಗೆ ಆ ಹೆಸರು ಅಳಿದುಹೋಯಿತು ಎಂಬುದು ಆಗ ಹುಟ್ಟಿಯೇ ಇರದ ಅವರಿಗೆ ತಿಳಿದಿರಲಿಲ್ಲ. ತಪ್ಪು ಅವರದೆನ್ನಲಾರೆ, ಆದರೆ ನಮಗೆ ಒಂದು ಮಳೆಗಾಲ ಹೋಯಿತು. ಕೊನೆಗೆ ನೆರವಾದದ್ದು ಅಮ್ಮ ಅಕ್ಕಿಯ ಡಬ್ಬದ ಹಿಂದಿನ ಟ್ರಂಕಿನಲ್ಲಿ ಕಟ್ಟಿಟ್ಟಿದ್ದ ಮನೆ ಕರದ ರಸೀದಿಗಳು ಮತ್ತು ಹಳೆಯ ವಿದ್ಯುತ್ ಬಿಲ್ಲು. 1991ರ ಫೆಬ್ರವರಿಗೆ ಮುಂಚೆ ಮನೆಯಿತ್ತು ಎಂಬುದಕ್ಕೆ ಅವೇ ಸಾಕ್ಷಿಯಾದವು. ನಿಮ್ಮ ಮನೆಯಲ್ಲೂ ಅಂಥ ಟ್ರಂಕು ಇದ್ದರೆ ಯಾವ ಚೀಟಿಯನ್ನೂ ಎಸೆಯಬೇಡಿ.

ಹಳೆಯ ಮನೆಯ ದಾರಿಯಲ್ಲಿ ಜಾಗಕ್ಕೆ ಹಣ ಕೊಡಬೇಕಿಲ್ಲ; ಒಳ್ಳೆಯ ಕೆಂಪುಕಲ್ಲು, ಹಳೆಯ ನಾಟಾ, ಮಂಗಳೂರು ಹಂಚು ಮರುಬಳಕೆಗೆ ಸಿಗುತ್ತವೆ. ಆದರೆ ಹಿಸ್ಸೆದಾರರೆಲ್ಲರ ಒಪ್ಪಿಗೆ ಬೇಕು, ಪುಣೆ ಮುಂಬೈಗಳಲ್ಲಿರುವ ದಾಯಾದಿಗಳ ಸಹಿಗೆ ಕಾಯಬೇಕು, ಹೆಚ್ಚಿಗೆ ಕೋಣೆಯ ಆಸೆಯನ್ನು ಬಿಡಬೇಕು. 2019ರ ಆಗಸ್ಟ್‌ನ ನೆರೆಯಲ್ಲಿ ಕದ್ರಾ ಅಣೆಕಟ್ಟೆಯ ಗೇಟು ತೆರೆದಾಗ ಕಾಳಿ ದಡದ ಮನೆಗಳಿಗೆ ನೀರು ನುಗ್ಗಿದ್ದು ನೆನಪಿರುವವರು ಪಂಚಾಂಗವನ್ನು ಎತ್ತರಿಸಲು ಬಯಸುತ್ತಾರೆ, ಅದು ಸರಿಯೂ ಹೌದು. ವಿಸ್ತೀರ್ಣ ಅಷ್ಟೇ ಇಟ್ಟು ಎತ್ತರವನ್ನು ನಕ್ಷೆಯಲ್ಲಿ ಸ್ಪಷ್ಟವಾಗಿ ತೋರಿಸಿ ಒಪ್ಪಿಗೆ ಪಡೆಯಿರಿ.

ಯಾರಿಗೆ ಯಾವುದು

ಮನೆಗೆಂದು ಕೂಡಿಟ್ಟ ಹಣ ಕಡಿಮೆಯಿದ್ದು ಸಾಲವನ್ನೇ ನಂಬಿದವರು ತೋಟದ ಮನೆಯ ಯೋಚನೆ ಬಿಟ್ಟು, ನಮೂನೆ 9 ಇರುವ ಪಂಚಾಯತ್ ಜಾಗವನ್ನು ಹುಡುಕಲಿ. ಆಸ್ಪತ್ರೆ, ಶಾಲೆ ಹತ್ತಿರ ಬೇಕೆಂಬ ವಯಸ್ಸಾದವರಿಗೂ ಚಿಕ್ಕ ಮಕ್ಕಳಿರುವವರಿಗೂ ನಗರದ ನಿವೇಶನದ ಹೆಚ್ಚಿನ ಬೆಲೆ ಸಾರ್ಥಕವೇ. ವರ್ಷಕ್ಕೆರಡು ಸಲ ಬಂದುಹೋಗುವವರಿಗೆ ಹೊಸ ಮನೆಗಿಂತ ಹಳೆಯ ಮನೆಯ ದುರಸ್ತಿಯೇ ಒಳ್ಳೆಯದು, ಬಾಗಿಲು ಹಾಕಿದ ಮನೆ ನಮ್ಮ ಮಳೆಯಲ್ಲಿ ಬಹಳ ದಿನ ಬಾಳುವುದಿಲ್ಲ. ಯಾವ ದಾರಿ ಹಿಡಿದರೂ ಕಟ್ಟಡದ ವೆಚ್ಚ ನಿಗದಿತ ಮಿತಿ ಮೀರಿದರೆ ಶೇ 1ರ ಕಾರ್ಮಿಕ ಸೆಸ್ ಉಂಟು, ಅದನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ.

ಸರ್ವೆಯ ಅರ್ಜಿಯನ್ನು ಗಣೇಶ ಚೌತಿ ಮುಗಿದ ಕೂಡಲೇ ಹಾಕಿ. ಗಿಡಗಂಟಿ ಒಣಗಿ ಗಡಿಕಲ್ಲುಗಳು ಕಣ್ಣಿಗೆ ಕಾಣುವ ಹೊತ್ತಿಗೆ ಅಳತೆ ಮುಗಿದು, ಸಂಕ್ರಾಂತಿಯೊಳಗೆ ಪರವಾನಗಿ ಕೈಗೆ ಬಂದರೆ, ಜೂನ್ ತಿಂಗಳ ಮೊದಲ ಮಳೆಗೆ ಮುನ್ನ ಪಂಚಾಂಗ ಎದ್ದು ಗೋಡೆಯ ಮೇಲೆ ಮಾಡು ಕೂರಿಸಬಹುದು.